ಮೊಣಕಾಲಿನ ಪಟವೂ ಜಯಮ್ಮನ ವಯಸ್ಸೂ

ಮೊಣಕಾಲು ಗಟ್ಟಿಯಾಗಿರುವಷ್ಟು ದಿನ ಮಾತ್ರ ನಮ್ಮದು. ಒಂದು ಸಲ ಊದಿಕೊಂಡಿತೋ, ಅದು ಊರಿನ ಸ್ವತ್ತು. ಹೊಟ್ಟೆನೋವು ಬಂದರೆ ಬಾಗಿಲು ಹಾಕಿಕೊಂಡು ಮಲಗಬಹುದು, ತಲೆನೋವಿಗೆ ಸೆರಗು ಬಿಗಿದು ಸುಮ್ಮನಿರಬಹುದು, ಹಲ್ಲುನೋವನ್ನು ಬಾಯಿ ಮುಚ್ಚಿಕೊಂಡೇ ಅನುಭವಿಸಬಹುದು. ಆದರೆ ಮೊಣಕಾಲು ಊದಿಕೊಂಡವಳು ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಾಳೆಂದರೆ ಬೀದಿಯಲ್ಲಿ ಹೋಗುವವರೆಲ್ಲ ನಿಂತು, ಬಗ್ಗಿ, ಒತ್ತಿ, ತಮ್ಮ ತೀರ್ಪು ಕೊಟ್ಟೇ ಮುಂದೆ ಹೋಗುತ್ತಾರೆ. ಒತ್ತಬೇಡಿ ಅಂದರೂ ಒತ್ತುತ್ತಾರೆ. ಸಂತೆಯಲ್ಲಿ ಹಲಸಿನಹಣ್ಣು ಒತ್ತಿ ನೋಡಿದ ಕೈಗಳು ಅವು, ಸುಮ್ಮನಿರು ಎಂದರೆ ಎಲ್ಲಿ ಇರುತ್ತವೆ?

ನನ್ನ ಎಡ ಮೊಣಕಾಲಿಗೆ ಈ ಸಾರ್ವಜನಿಕ ಗೌರವ ಎರಡು ಸಲ ಸಿಕ್ಕಿದೆ. ಒಂದು ಎಪ್ಪತ್ತರ ದಶಕದಲ್ಲಿ, ಇನ್ನೊಂದು ಎಂಬತ್ತರ ದಶಕದಲ್ಲಿ. ಮೊದಲನೆಯ ಸಲ ಬೇಡದಿದ್ದರೂ ಎಕ್ಸ್‌ರೇ ತೆಗೆಸಿದೆವು. ಎರಡನೆಯ ಸಲ ಬೇಕಾಗಿದ್ದರೂ ಬೇಡವೆಂದು ನಾನು ಹಟ ಹಿಡಿದೆ. ಎರಡರ ನಡುವೆ ಕೆಲವು ವರ್ಷ ನಾನೇ ಬೀದಿಗೆ ವೈದ್ಯಳಾಗಿ ರಾಜ್ಯಭಾರ ಮಾಡಿದೆ. ಆ ವೃತ್ತಾಂತವನ್ನೇ ಹೇಳಲು ಕೂತಿದ್ದೇನೆ. ಅಕ್ಷರ ಕೂಡಿಸುವುದನ್ನು ತಲೆ ನೆರೆತ ಮೇಲೆ ಕಲಿತವಳು ನಾನು. ದೊಡ್ಡ ದೊಡ್ಡ ಪದಗಳು ಎಲ್ಲಾದರೂ ಕಂಡರೆ, ಹೊಸ ಒಡವೆ ಸಿಕ್ಕವಳು ನೀರು ಸೇದುವುದಕ್ಕೂ ಅದನ್ನೇ ಹಾಕಿಕೊಂಡು ಹೋದಳು ಎಂದುಕೊಂಡು ನೀವು ಸುಮ್ಮನಾಗಬೇಕು.

ನಮ್ಮೂರು ಹುತ್ತೂರಿಗೆ ಹತ್ತಿರ. ರಾಗಿ, ತರಕಾರಿ, ಹಿಪ್ಪುನೇರಳೆ ಆಯಾ ಕಾಲಕ್ಕೆ ಬೆಳೆಯುತ್ತವೆ. ಮಾತು ಮಾತ್ರ ಎಲ್ಲ ಕಾಲಕ್ಕೂ ಹುಲುಸು. ಬಿದ್ದವರ ಕಾಲಿಗೆ ಎಕ್ಸ್‌ರೇ ಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ ಆಗ ನಮ್ಮಲ್ಲಿ ನಾನಾ ಪಂಥಗಳಿದ್ದವು. ಕಾಲ್ಬೆರಳು ಅಲ್ಲಾಡಿದರೆ ಮೂಳೆ ಮುರಿದಿಲ್ಲ ಎನ್ನುವವರದು ಒಂದು ಪಂಥ. ಬೀಳುವಾಗ ಲಟಕ್ ಎಂದಿದ್ದರೆ ಮುರಿದಿದೆ, ಅನ್ನದಿದ್ದರೆ ಇಲ್ಲ ಎನ್ನುವವರದು ಇನ್ನೊಂದು. ಬಿದ್ದವಳು ಕಿರುಚುವ ಗಲಾಟೆಯಲ್ಲಿ ಲಟಕ್ ಎಂಬುದು ಯಾರ ಕಿವಿಗೆ ಬಿದ್ದೀತು ಎಂದು ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಮೂರನೆಯ ಪಂಥದವರ ಮಟ್ಟಿಗೆ ಎಕ್ಸ್‌ರೇ ಎಂಬುದೇ ಒಂದು ಔಷಧಿ. “ಕತ್ತಲೆ ರೂಮಲ್ಲಿ ಮಲಗಿಸಿ ಕರೆಂಟು ಬಿಟ್ರು ನೋಡು, ಆವತ್ತಿಂದ ನೋವೇ ಇಲ್ಲ” ಎಂದು ಅವರು ಎರಡೂ ಕಾಲು ಕುಣಿಸಿ ತೋರಿಸುತ್ತಿದ್ದರು. ಪಟ ತೆಗೆಯುವುದು ನೋಡುವುದಕ್ಕೆ, ವಾಸಿ ಮಾಡುವುದಕ್ಕಲ್ಲ ಎಂದು ಅವರಿಗೆ ತಿಳಿಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಅವರಿಗೆ ನಿಜವಾಗಿಯೂ ವಾಸಿಯಾಗಿತ್ತು.

ನನ್ನ ಗಂಡ ಮುನಿಶಾಮಪ್ಪ ಈ ಮೂರನೆಯ ಪಂಥದವನು. ನಾನು ಮೊದಲ ಸಲ ಬಿದ್ದದ್ದು ಗೌನಿಪಲ್ಲಿಯಲ್ಲಿ, ನನ್ನ ತಂಗಿಯ ಮನೆಯ ಮಾವಿನ ತೋಪಿನಲ್ಲಿ. ಹಣ್ಣು ತುಂಬಿದ ಗಾಡಿಯ ಮೇಲೆ ಕೂತು ಬರುತ್ತಿದ್ದವಳು, ಗಾಡಿ ನಿಲ್ಲುವ ತನಕ ತಾಳದೆ, ಹದಿನಾರರ ಹುಡುಗಿಯ ಹಾಗೆ ಹಾರಿದೆ. ಮನಸ್ಸು ಹಾರಿ ನೆಲಕ್ಕೆ ಮುಟ್ಟಿತು. ಮೊಣಕಾಲು ದಾರಿಯಲ್ಲೇ ಒಂದು ಕಡೆ ತಿರುಚಿಕೊಂಡಿತು. ಮಾವಿನಕಾಯಿ ಲಾರಿಯಲ್ಲಿ ಶ್ರೀನಿವಾಸಪುರ, ಅಲ್ಲಿಂದ ಬಸ್ಸಿನಲ್ಲಿ ಕೋಲಾರ. ಅಷ್ಟು ಹೊತ್ತಿಗೆ ಊತ ಬಂದಿತ್ತು, ಆದರೆ ಬಸ್ಸಿನಿಂದ ಇಳಿದು ಆಸ್ಪತ್ರೆಯ ತನಕ ನಾನೇ ಕುಂಟುತ್ತ ನಡೆದೆ.

ಅಲ್ಲಿದ್ದವರು ಒಬ್ಬ ವಯಸ್ಸಾದ ಡಾಕ್ಟರು. ಹೆಚ್ಚು ಮಾತಿಲ್ಲ. ಮಂಡಿಚಿಪ್ಪನ್ನು ಬೆರಳಿನಲ್ಲಿ ಒತ್ತಿದರು. ಮಂಡಿಯ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಗೋಲಿಯ ಹಾಗೆ ಒಂದು ಮೂಳೆಯ ತಲೆ ಇದೆಯಲ್ಲ, ಅದನ್ನೂ ಒತ್ತಿದರು. ಕಾಲನ್ನು ಕುರ್ಚಿಯಲ್ಲಿ ಕೂತಷ್ಟು ಮಡಚಿಸಿದರು. ಎದ್ದು ನಾಲ್ಕು ಹೆಜ್ಜೆ ನಡೆ ಎಂದರು, ನಡೆದೆ. “ಹೋಗಮ್ಮ, ಎಕ್ಸ್‌ರೇ ಬೇಡ. ಬಟ್ಟೆ ಸುತ್ತಿಕೊಂಡು ಕಾಲು ಎತ್ತರಕ್ಕಿಟ್ಟು ಮಲಗು” ಎಂದರು.

ನನ್ನ ಗಂಡನಿಗೆ ಇದು ದೊಡ್ಡ ಅವಮಾನವಾಗಿ ಕಂಡಿತು.

“ಸ್ವಾಮಿ, ಗೌನಿಪಲ್ಲಿಯಿಂದ ಬಂದಿದೀವಿ” ಎಂದ.

“ಮದ್ರಾಸಿನಿಂದ ಬಂದಿದ್ದರೂ ಬೇಡ” ಎಂದರು ಡಾಕ್ಟರು.

“ಅಂಗಲ್ಲ ಸ್ವಾಮಿ, ಬರಿಗೈಯಲ್ಲಿ ಹೆಂಗೆ ವಾಪಸ್ ಹೋಗೋದು? ಊರಲ್ಲಿ ಕೇಳ್ತಾರೆ.”

ನನ್ನ ಗಂಡ ಅಲ್ಲೇ ಕಂಬ ಹಿಡಿದು ನಿಂತ. ತೋಪಿನಿಂದ ತಂದಿದ್ದ ಹಣ್ಣಿನ ಬುಟ್ಟಿಯನ್ನು ಡಾಕ್ಟರ ಮೇಜಿನ ಕೆಳಗೆ ತಳ್ಳಿದ. ಅವರು ಅದನ್ನು ಕಾಲಿನಿಂದ ವಾಪಸ್ ತಳ್ಳಿದರು. ಈ ತಳ್ಳಾಟ ಸ್ವಲ್ಪ ಹೊತ್ತು ನಡೆದ ಮೇಲೆ ಡಾಕ್ಟರು ಬೇಸತ್ತು ಚೀಟಿ ಬರೆದುಕೊಟ್ಟರು. ಪಟ ಬಂತು. ಅದರಲ್ಲಿ ಏನೂ ಇರಲಿಲ್ಲ. ಮೂಳೆಗಳು ಒಳ್ಳೆಯ ಮನೆತನದವರ ಹಾಗೆ ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ನನ್ನ ಗಂಡನ ಮುಖ ಸಣ್ಣಗಾಯಿತು. ನನ್ನ ಮೂಳೆ ಮುರಿಯಲಿಲ್ಲವಲ್ಲ ಎಂದು ಆಯಪ್ಪ ಕೊರಗಿದ ಎಂದು ಹೇಳುವುದಿಲ್ಲ. ಆದರೆ ದೂರದಿಂದ ಬಂದವರಿಗೆ ಒಂದು ಸಣ್ಣ ಬಿರುಕನ್ನಾದರೂ ತೋರಿಸಬಹುದಿತ್ತು ಎಂಬ ಭಾವನೆ ಇತ್ತು.

ಆ ಪಟವನ್ನು ಮನೆಯ ಕಿಟಕಿಗೆ ಸಿಕ್ಕಿಸಿ, ಬಂದವರಿಗೆಲ್ಲ “ಇದು ನಮ್ಮ ಪಾಪಮ್ಮ” ಎಂದು ತೋರಿಸುತ್ತಿದ್ದ. ಮದುವೆಯಾದಂದಿನಿಂದ ನನ್ನದೊಂದು ಫೋಟೋ ತೆಗೆಸದ ಮನುಷ್ಯ, ಒಳಗಿನದನ್ನು ತೆಗೆಸಿ ಪ್ರದರ್ಶನಕ್ಕಿಟ್ಟಿದ್ದ. ಮುಂದೊಂದು ಸೂರ್ಯಗ್ರಹಣದ ದಿನ ಬೀದಿಯವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ, ನನ್ನ ಮೊಣಕಾಲಿನ ಮೂಲಕ ಸೂರ್ಯನನ್ನು ನೋಡಿದರು. ಎಕ್ಸ್‌ರೇಯಿಂದ ನಮಗಾದ ಪ್ರಯೋಜನ ಅದೊಂದೇ.

ನನಗೆ ಮಾತ್ರ ಬೇರೆ ಪ್ರಯೋಜನವಾಯಿತು. ಆ ಡಾಕ್ಟರ ಪರೀಕ್ಷೆಯನ್ನು ನಾನು ಒಂದೊಂದಾಗಿ ನೆನಪಿಟ್ಟುಕೊಂಡಿದ್ದೆ. ನಡೆಯುವುದು, ಮಡಚುವುದು, ಚಿಪ್ಪು ಒತ್ತುವುದು, ಪಕ್ಕದ ಗೋಲಿ ಒತ್ತುವುದು. ಇಷ್ಟರಲ್ಲಿ ಯಾವುದೊಂದು ಕೆಟ್ಟಿದ್ದರೂ ಕೋಲಾರದ ಬಸ್ಸು. ಎಲ್ಲ ಸರಿಯಿದ್ದರೆ ಬಟ್ಟೆ ಸುತ್ತಿಕೊಂಡು ಮನೆ. ಬೀದಿಯಲ್ಲಿ ಯಾರು ಬಿದ್ದರೂ ನನ್ನನ್ನು ಕರೆಯತೊಡಗಿದರು. ಎಷ್ಟೋ ಮಂದಿಗೆ ಬಸ್ಸಿನ ಧೂಳು ಉಳಿಸಿದೆ. ಪಕ್ಕದ ಮನೆಯ ಅಳಿಯ ಮುಳಬಾಗಿಲಿನ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ಬಂದಾಗ, “ಬೆರಳು ಆಡ್ತದೆ ಬಿಡಕ್ಕ, ಏನೂ ಆಗಿಲ್ಲ” ಎಂದು ಎಲ್ಲರೂ ಅಂದರೂ, ಒಂದು ಹೆಜ್ಜೆಗೂ ಭಾರ ಬಿಡಲಾರದವನಿಗೆ ನಾನು ಕೋಲಾರಕ್ಕೆ ತೀರ್ಪು ಕೊಟ್ಟೆ. ಮುರಿದೇ ಇತ್ತು. ಅಂದಿನಿಂದ ನನ್ನ ಮಾತಿಗೆ ಎದುರಿರಲಿಲ್ಲ. ಕೀರ್ತಿ ಎಂಬುದು ಸುಲಭವಾಗಿ ತಲೆಗೇರುವ ಪದಾರ್ಥ. ನನ್ನ ತಲೆಗೂ ಏರಿತು.

ಆ ಡಾಕ್ಟರು ಕೊನೆಯಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದರು. “ಇದು ನಿನ್ನ ವಯಸ್ಸಿನವರಿಗೆ. ವಯಸ್ಸಾದವರ ಲೆಕ್ಕ ಬೇರೆ” ಎಂದಿದ್ದರು. ಆ ಮಾತು ಆವತ್ತು ನನಗೆ ಸಂಬಂಧಪಟ್ಟದ್ದಾಗಿರಲಿಲ್ಲ, ಆದ್ದರಿಂದ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು.

ಈಗ ಜಯಮ್ಮನ ವಿಷಯ. ನನ್ನ ಮೈದುನ ಕೃಷ್ಣಪ್ಪನ ಹೆಂಡತಿ, ನನ್ನ ಓರಗಿತ್ತಿ. ಮಾಲೂರಿನ ಪೇಟೆಯ ಹುಡುಗಿ, ನಾಲ್ಕನೇ ಕ್ಲಾಸು ಓದಿದವಳು. ಒಂದೇ ಒಲೆಯಲ್ಲಿ ಅಷ್ಟು ವರ್ಷ ಬೇಯಿಸಿ ತಿಂದರೂ ಅವಳ ಬಗ್ಗೆ ನನಗೆ ಒಂದು ವಿಷಯ ಮಾತ್ರ ತಿಳಿದಿರಲಿಲ್ಲ, ಅದು ಅವಳ ವಯಸ್ಸು. ಕೇಳಿದವರಿಗೆಲ್ಲ “ನಾನು ಅಕ್ಕಯ್ಯನಿಗಿಂತ ತುಂಬಾ ಚಿಕ್ಕವಳು. ಅಕ್ಕಯ್ಯನ ಮದುವೇಲಿ ನಾನಿನ್ನೂ ತೊಟ್ಟಿಲಲ್ಲಿದ್ದೆ” ಎನ್ನುತ್ತಿದ್ದಳು. ಅದು ಸುಳ್ಳೆಂದು ನನಗೆ ಅನ್ನಿಸುತ್ತಿತ್ತು. ನಾನು ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು, “ತೊಟ್ಟಿಲು ಯಾವ ಮರದ್ದೇ, ನಿನ್ನ ಭಾರ ತಡೀತಿತ್ತಾ?” ಎಂದು ಎಲ್ಲರ ಮುಂದೆ ಕೇಳಿಬಿಡುತ್ತಿದ್ದೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋಗುತ್ತಿದ್ದಳು. ನನ್ನ ವಯಸ್ಸಾದರೂ ನನಗೆ ಗೊತ್ತಿತ್ತೇ ಎಂದರೆ, ಇಲ್ಲ. ಆದರೆ ನಾನು ಗೊತ್ತಿಲ್ಲ ಎಂದೇ ಹೇಳುತ್ತಿದ್ದೆ.

ಎರಡನೆಯ ಸಲ ಬಿದ್ದದ್ದು ನಮ್ಮದೇ ಹುಳದ ಮನೆಯಲ್ಲಿ. ರೇಷ್ಮೆಹುಳು ಸಾಕುವವರಿಗೆ ಈ ಮಾತು ಹೇಳಬೇಕಾಗಿಲ್ಲ, ಮಿಕ್ಕವರಿಗಾಗಿ ಹೇಳುತ್ತೇನೆ. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಮದುವೆಮನೆಗೆ ಬಂದ ಬೀಗರ ಹಾಗೆ ತಿನ್ನುತ್ತದೆ. ಹಗಲೂ ಸೊಪ್ಪು, ರಾತ್ರಿಯೂ ಸೊಪ್ಪು. ತಿಂದು ತಿಂದು ಮೈ ಹೊನ್ನಿನ ಬಣ್ಣಕ್ಕೆ ತಿರುಗಿದಾಗ ಅದು ಹಣ್ಣಾದ ಹಾಗೆ. ಆಗ ತಡಮಾಡದೆ ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡಮಾಡಿದರೆ ಅದು ಎಲ್ಲೆಂದರಲ್ಲಿ ನೂಲು ಕಕ್ಕಿ ಹಾಳಾಗುತ್ತದೆ. ಇನ್ನೊಂದು ವಿಷಯ, ಹುಳಕ್ಕೆ ವಾಸನೆ ಆಗದು. ಈರುಳ್ಳಿ ಒಗ್ಗರಣೆ, ಬೀಡಿ, ಸೀಮೆಎಣ್ಣೆ, ಮುಲಾಮು, ಆಸ್ಪತ್ರೆಯ ಫಿನಾಯಿಲು, ಏನನ್ನು ಹೊತ್ತುಕೊಂಡು ಹೋದರೂ ಅದು ತಿನ್ನುವುದನ್ನು ಬಿಟ್ಟುಬಿಡುತ್ತದೆ ಎಂಬುದು ನಮ್ಮ ಭಯ. ಹುಳದ ಮನೆಗೆ ಹೋಗುವ ಹೆಂಗಸು ತಲೆಗೆ ಎಣ್ಣೆ ಕೂಡ ಹಚ್ಚುವುದಿಲ್ಲ.

ನಾಳೆಯೋ ನಾಡಿದ್ದೋ ಹಣ್ಣಾಗುವ ಹುಳು. ಮೇಲಿನ ಅಂತಸ್ತಿನ ತಟ್ಟೆಗೆ ಸೊಪ್ಪು ಹಾಕಲು ಮಣೆಯ ಮೇಲೆ ಹತ್ತಿದ್ದವಳು ಜಾರಿ, ಎಡ ಮಂಡಿಯ ಚಿಪ್ಪು ನೇರವಾಗಿ ಕಲ್ಲಿನ ಹೊಸಿಲಿಗೆ ತಾಗುವ ಹಾಗೆ ಬಿದ್ದೆ. ಕೈಯಲ್ಲಿದ್ದ ತಟ್ಟೆಯನ್ನು ಎತ್ತಿ ಹಿಡಿದಿದ್ದೆ. ಒಂದು ಹುಳುವೂ ಕೆಳಗೆ ಬೀಳಲಿಲ್ಲ. ಬಿದ್ದದ್ದು ನಾನೊಬ್ಬಳೇ. ಎದ್ದು ಕೂತು ಮೊದಲು ಹುಳು ನೋಡಿದೆ, ಆಮೇಲೆ ಕಾಲು. ಮಂಡಿ ಆಗಲೇ ಬೀಟ್‌ರೂಟಿನ ಬಣ್ಣಕ್ಕೆ ತಿರುಗುತ್ತಿತ್ತು.

ಬೀದಿ ಬಂತು, ಬಗ್ಗಿತು, ಒತ್ತಿತು. ಗಡಿಯಾಚೆ ಮೂಳೆ ಕಟ್ಟುವವರಿದ್ದಾರೆ, ಮುಳಬಾಗಿಲಿನ ಮೇಲೆ ಹೋಗಿ ಅವರ ಕಟ್ಟು ಹಾಕಿಸಿಕೊಂಡು ಬಂದರೆ ಆಯಿತು ಎಂದರು. ಆ ಕಟ್ಟಿನ ಲೇಪದ ವಾಸನೆಗೆ ನಾವೇ ಊಟ ಬಿಡಬೇಕು, ಹುಳದ ಮಾತೇನು? ಬೇಡ ಎಂದೆ. ಕೋಲಾರಕ್ಕೆ ಹೋಗು ಎಂದರು. ಅದು ಪೂರ್ತಿ ಒಂದು ದಿನ, ಬಂದ ಮೇಲೆ ಮೈತುಂಬ ಆಸ್ಪತ್ರೆಯ ವಾಸನೆ. ಹುಳು ಹಣ್ಣಾಗುವ ಹೊತ್ತಿಗೆ ಆರಿಸುವ ಕೈಯೊಂದು ಕಡಿಮೆ. ಅದೂ ಬೇಡ ಎಂದೆ. ನನ್ನ ಪರೀಕ್ಷೆ ನಾನೇ ಮಾಡಿಕೊಂಡೆ. ಹಲ್ಲು ಕಚ್ಚಿ ನಾಲ್ಕು ಹೆಜ್ಜೆ ನಡೆದೆ. ಕಾಲನ್ನು ಎರಡು ಕೈಯಲ್ಲಿ ಹಿಡಿದು ಕುರ್ಚಿಯಲ್ಲಿ ಕೂತಷ್ಟು ಮಡಚಿದೆ. ಚಿಪ್ಪನ್ನು ಒತ್ತಿದಾಗ ಮಾತ್ರ ಕಣ್ಣಿಗೆ ಕತ್ತಲೆ ಬಂತು. ಆದರೆ ಒತ್ತಿದವಳೂ ನಾನೇ, ನೋಡಿದವಳೂ ನಾನೇ. ಅದನ್ನು ತೀರ್ಪಿನಿಂದ ಬಿಟ್ಟುಬಿಟ್ಟೆ.

“ಎಕ್ಸ್‌ರೇ ಬೇಡ” ಎಂದು ಸಾರಿದೆ.

ಜಯಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಅಕ್ಕಯ್ಯ, ಮೂತಿ ನೋಡ್ಕೋ ಕನ್ನಡೀಲಿ. ಸುಣ್ಣ ಬಳ್ದಂಗೆ ಆಗದೆ.”

“ನಿನ್ನ ಕೆಲ್ಸ ನೋಡೇ. ನಾನು ಎಷ್ಟು ಕಾಲು ನೋಡಿಲ್ಲ.”

“ಬೇರೇವರ ಕಾಲು ನೋಡೋವಾಗ ನಿಂಗೆ ಕಣ್ಣಿರ್ತವೆ. ಏಳು, ಹುತ್ತೂರಿಗಾದ್ರೂ ಹೋಗಿ ತೋರಿಸ್ಕೊಂಡು ಬರಾಣ. ಆ ಡಾಕ್ಟ್ರು ಬೇಡ ಅಂದ್ರೆ ನಾನೂ ಬಾಯಿ ಮುಚ್ಕೋತೀನಿ.”

ಹುತ್ತೂರಿನ ದವಾಖಾನೆಯಲ್ಲಿ ಎಕ್ಸ್‌ರೇ ಯಂತ್ರ ಇರಲಿಲ್ಲ, ಹೋಗಿ ಬರುವುದಕ್ಕೆ ಹೆಚ್ಚು ಹೊತ್ತೂ ಬೇಡ. ಅವಳ ಬಾಯಿ ಮುಚ್ಚುವುದಾದರೆ ಅದೂ ಲಾಭವೇ. ಕೃಷ್ಣಪ್ಪನನ್ನು ಹುಳದ ಹತ್ತಿರ ಬಿಟ್ಟು, ನಾನು, ನನ್ನ ಗಂಡ, ಜಯಮ್ಮ ಗಾಡಿ ಕಟ್ಟಿಕೊಂಡು ಹೋದೆವು.

ಡಾಕ್ಟರು ಹೊಸಬ, ಇನ್ನೂ ಮೀಸೆ ಸರಿಯಾಗಿ ಕೂತಿರಲಿಲ್ಲ. ಆದರೆ ಅವನು ಮಾಡಿದ್ದೂ ಆ ಹಳೆಯ ಡಾಕ್ಟರು ಮಾಡಿದ್ದನ್ನೇ. ನಡೆ ಎಂದ, ನಡೆದೆ. ಮಡಚು ಎಂದ, ಮಡಚಿದೆ. ಗೋಲಿ ಒತ್ತಿದ, ಅಲ್ಲಿ ನಿಜವಾಗಿಯೂ ನೋವಿರಲಿಲ್ಲ. ಚಿಪ್ಪು ಒತ್ತಿದ.

“ಇಲ್ಲಿ ನೋವಿದೆಯಾ ಅಮ್ಮ?”

“ಇಲ್ಲ” ಎಂದೆ. ಹುಳದ ತಟ್ಟೆಗಳು ಕಣ್ಣ ಮುಂದೆ ಸಾಲಾಗಿ ಬಂದು ಹೋದವು.

“ಸುಳ್ಳು ಸ್ವಾಮಿ!” ಎಂದಳು ಜಯಮ್ಮ. “ಬೆಂಚು ಹಿಡ್ಕೊಂಡಿರೋ ಕೈ ನೋಡಿ.”

“ಕಾಲು ಯಾರದೇ? ನಿಂದಾ, ನಂದಾ?” ಎಂದೆ. ಡಾಕ್ಟರು ಇಬ್ಬರ ಮುಖವನ್ನೂ ನೋಡಿದ. ಯಾರ ಕಾಲೋ ಅವರ ಮಾತನ್ನೇ ನಂಬಬೇಕಾದದ್ದು ಡಾಕ್ಟರ ಧರ್ಮ. ಪರೀಕ್ಷೆ ಎಷ್ಟೇ ಚೆನ್ನಾಗಿರಲಿ, ಅದರ ಅರ್ಧ ಭಾಗ ರೋಗಿಯ ಬಾಯಲ್ಲಿದೆ. ಬಾಯಿ ಕೆಟ್ಟರೆ ಡಾಕ್ಟರು ಏನು ಮಾಡಿಯಾನು? ಅವನು ಪೆನ್ನು ಎತ್ತಿಕೊಂಡ. “ಹಾಗಾದರೆ ಸದ್ಯಕ್ಕೆ ಕೋಲಾರಕ್ಕೆ ಹೋಗಬೇಕಾಗಿಲ್ಲ” ಎಂದು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿ, “ವಯಸ್ಸೆಷ್ಟು?” ಎಂದ.

“ನಲವತ್ತೆಂಟು” ಎಂದ ನನ್ನ ಗಂಡ. ರೇಷನ್ ಕಾರ್ಡಿನಲ್ಲಿ ನನಗೆ ನಲವತ್ತೆಂಟು. ಅದು ಬಂದ ದಿನದಿಂದ ನಲವತ್ತೆಂಟೇ.

“ಸರಿಯಾಗಿ ಹೇಳಿ. ಐವತ್ತೈದು ದಾಟಿದ್ದರೆ, ನಡೆದರೂ ಸರಿ, ನೋವಿಲ್ಲ ಅಂದರೂ ಸರಿ, ನಾನು ಎಕ್ಸ್‌ರೇಗೆ ಬರೆಯುತ್ತೇನೆ. ಆ ವಯಸ್ಸಿನ ಮೂಳೆ ಸದ್ದಿಲ್ಲದೆ ಮುರಿಯುತ್ತದೆ. ಅದಕ್ಕಿಂತ ಕಡಿಮೆಯಾದರೆ ಬೇಡ.”

ಆಗ ಎದ್ದಿತು ನೋಡಿ ಲೆಕ್ಕಾಚಾರ. ನಮ್ಮ ಕಡೆ ಹೆಂಗಸಿನ ವಯಸ್ಸನ್ನು ವರ್ಷದಿಂದ ಅಳೆಯುವುದಿಲ್ಲ. ಎತ್ತು, ಕೆರೆ, ಮದುವೆ, ಸಾವುಗಳಿಂದ ಅಳೆಯುತ್ತೇವೆ. ನನ್ನ ಗಂಡ ಬೆರಳು ಮಡಚತೊಡಗಿದ. “ಮದುವೇಲಿ ಇವ್ಳಿಗೆ ಹನ್ನೆರಡು ಅಂತ ಇವರಪ್ಪ ಹೇಳಿದ್ದು. ಆ ವರ್ಷ ನಮ್ಮ ಕರೀ ಎತ್ತು ಹಲ್ಲು ಕೂಡಿತ್ತು. ಅದು ಸತ್ತ ಮೇಲೆ ಬೂದು ಜೋಡಿ ಬಂತು, ಅದಾದ ಮೇಲೆ ಕೊಂಬು ಮುರಿದಿದ್ದು...” ಹೊರಗೆ ಕೂತಿದ್ದ ಇನ್ನಿಬ್ಬರು ರೋಗಿಗಳು ಬಾಗಿಲಿಗೆ ಬಂದು ಎತ್ತುಗಳ ವಯಸ್ಸಿನ ಬಗ್ಗೆ ತಕರಾರು ತೆಗೆದರು. ಕೂಡಿ ಕಳೆದು ನಾನು ಐವತ್ತೆರಡಕ್ಕೆ ನಿಂತೆ.

“ಐವತ್ತೆರಡು” ಎಂದು ನಾನೂ ಗಟ್ಟಿಯಾಗಿ ಹೇಳಿದೆ. ಎತ್ತುಗಳಿಗೆ ಮನಸ್ಸಿನಲ್ಲೇ ಕೈಮುಗಿದೆ. ಡಾಕ್ಟರು ಬರೆಯಲು ಬಗ್ಗಿದ.

“ಐವತ್ತೆಂಟು” ಎಂದಳು ಜಯಮ್ಮ.

ಎಲ್ಲರೂ ತಿರುಗಿ ನೋಡಿದೆವು. “ನಿನಗೇನೇ ಗೊತ್ತು? ನೀನು ತೊಟ್ಟಿಲಲ್ಲಿದ್ದೆ!” ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಡಾಕ್ಟರಿಗೇ ಹೇಳಿದಳು. “ಬರ್ಕೊಳ್ಳಿ ಸ್ವಾಮಿ. ನಂಗೆ ಐವತ್ತೇಳು. ನಾನು ಮಾಲೂರಲ್ಲಿ ನಾಲ್ಕನೇ ಕ್ಲಾಸು ಓದಿದವಳು, ನನ್ನ ವಯಸ್ಸು ನಂಗೊತ್ತು. ಇವಳ ಮದುವೆಗೆ ರವಿಕೆ ಹೊಲಿಸೋಕೆ ನಮ್ಮತ್ತೆ ಮಾಲೂರಿಗೆ ಬಂದಿದ್ರು. ಹುಡುಗಿ ಇದ್ದಿದ್ದು ಮಾಸ್ತಿ ಕಡೆ, ಅಳತೆಗೆ ಅಂತ ಗುರುತಿನವರಾದ ನಮ್ಮ ಮನೆಗೆ ಬಂದು ನನ್ನ ನಿಲ್ಲಿಸ್ಕೊಂಡ್ರು. ಇಬ್ರೂ ಒಂದೇ ಮೈಕಟ್ಟು, ನಮ್ಮ ಹುಡುಗಿ ನಿಮ್ಮ ಜಯಮ್ಮನಿಗಿಂತ ಒಂದು ವರ್ಷ ದೊಡ್ಡವಳು ಅಷ್ಟೇ ಅಂತ ನಮ್ಮಮ್ಮನ ಹತ್ರ ಅಂದ್ರು. ಹನ್ನೆರಡು ಅನ್ನೋದೆಲ್ಲ ಮದುವೆ ಮಾತು. ನಂಗಾಗ ಹದಿನೈದು ತುಂಬಿತ್ತು.”

ನನಗೆ ಆ ರವಿಕೆ ನೆನಪಾಯಿತು. ತೋಳು ಬಿಗಿಯಾಗಿ, ಧಾರೆ ಎರೆಯುವಾಗ ಕೈ ಎತ್ತಲು ಆಗದೆ ಒದ್ದಾಡಿದ್ದೆ. ಮದುವೆಯಲ್ಲಿ ತಲೆ ತಗ್ಗಿಸಿ ಕೂತು ನಾನು ನೋಡಿದ್ದು ನನ್ನ ಕಾಲಿನ ಹೆಬ್ಬೆರಳನ್ನು ಮಾತ್ರ. ಅದು ಯಾರ ಅಳತೆಯ ರವಿಕೆ ಎಂದು ಯಾರು ಹೇಳಬೇಕು?

ಮತ್ತೆ ಒಂದು ಗಳಿಗೆ ಬಿಟ್ಟು ಇನ್ನೊಂದು ಲೆಕ್ಕ ನನ್ನ ತಲೆಗೆ ಬಂತು. ನನ್ನ ಮೈದುನ ಕೃಷ್ಣಪ್ಪ ಸ್ಕೂಲಿಗೆ ಹೋದವನು, ಅವನ ವಯಸ್ಸು ಎಲ್ಲರಿಗೂ ಗೊತ್ತು. ಅವನಿಗೆ ಐವತ್ತನಾಲ್ಕು. ಹೆಂಡತಿ ಗಂಡನಿಗಿಂತ ದೊಡ್ಡವಳು! ನಮ್ಮ ಕಡೆ ಇದು ಸಣ್ಣ ವಿಷಯವಲ್ಲ. ಹೆಣ್ಣು ಒಂದು ತಿಂಗಳು ದೊಡ್ಡವಳಾದರೂ ಸಂಬಂಧ ಮುರಿದುಹೋಗುತ್ತದೆ. ಅತ್ತೆ ಆ ಮಾಲೂರಿನ ಹುಡುಗಿಯನ್ನು ರವಿಕೆಯ ದಿನವೇ ಮೆಚ್ಚಿಕೊಂಡಿದ್ದರು ಎಂದು ಕಾಣುತ್ತದೆ. ಚಿಕ್ಕ ಮಗ ದೊಡ್ಡವನಾಗುವ ತನಕ ಕಾದು, ಅವಳ ವಯಸ್ಸನ್ನು ತಾವೇ ಕತ್ತರಿಸಿ ತಂದುಕೊಂಡಿದ್ದರು. ಅತ್ತೆ ಸತ್ತ ಮೇಲೂ ಅದನ್ನು ಇವಳು ಒಬ್ಬಳೇ ಹೊತ್ತು ಬಂದಿದ್ದಳು. ತೊಟ್ಟಿಲು ಯಾವ ಮರದ್ದು ಎಂದು ನಾನು ಕೇಳಿದಾಗೆಲ್ಲ ಅವಳು ಯಾಕೆ ಒಳಗೆ ಹೋಗುತ್ತಿದ್ದಳು ಎಂದು ಈಗ ತಿಳಿಯಿತು. ಅದನ್ನು ಇವತ್ತು, ಗಂಡನ ಅಣ್ಣನ ಎದುರು, ಎತ್ತಿನ ಲೆಕ್ಕದವರ ಎದುರು, ನನ್ನ ಒಂದು ಚಿಪ್ಪಿಗಾಗಿ ಕೆಳಗಿಟ್ಟಳು.

ನಾನು ನನ್ನ ಗಂಡನ ಕಡೆ ನೋಡಿದೆ. ಆಯಪ್ಪ ಗೋಡೆಯ ಮೇಲಿನ ಕುಟುಂಬ ಯೋಜನೆಯ ಬೋರ್ಡನ್ನು ಬಹಳ ಗಮನವಿಟ್ಟು ಓದುತ್ತಿದ್ದ. ಆಯಪ್ಪನಿಗೆ ಓದು ಬರುವುದಿಲ್ಲ.

ಡಾಕ್ಟರು ಕೋಲಾರಕ್ಕೆ ಬರೆದುಕೊಟ್ಟ. ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಗಾಡಿಯಲ್ಲಿ ಬಸ್ ನಿಲ್ದಾಣದ ತನಕ ಜಯಮ್ಮ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಅಲುಗದ ಹಾಗೆ ಹಿಡಿದಿದ್ದಳು. ಮುಖ ಮಾತ್ರ ಆ ಕಡೆ.

“ಹುಳು?” ಎಂದೆ.

“ನಾನಿಲ್ವಾ. ಹೋಗಿ ಬಾ.” ಅಷ್ಟು ಹೇಳಿ ಗಾಡಿಯನ್ನು ಊರ ಕಡೆ ತಿರುಗಿಸಿಕೊಂಡು ಹೋದಳು.

ಕೋಲಾರದಲ್ಲಿ ಪಟ ತೆಗೆದವರು ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು, ನಾವು ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ. ಈ ಸಲ ನನ್ನ ಗಂಡ ನಿರಾಶನಾಗಬೇಕಾಗಿರಲಿಲ್ಲ. ಚಿಪ್ಪಿನ ನಡುವೆ ಅಡ್ಡಲಾಗಿ ಒಂದು ಗೆರೆ, ನನಗೇ ಕಾಣಿಸುವಷ್ಟು ಸ್ಪಷ್ಟವಾಗಿ. ತುಂಡುಗಳು ಇನ್ನೂ ದೂರವಾಗಿಲ್ಲ, ಸಿಮೆಂಟಿನ ಕಟ್ಟು ಹಾಕಿದರೆ ಕೂಡುತ್ತದೆ ಎಂದರು. ಇದೇ ಕಾಲಿನಲ್ಲಿ ಇನ್ನೂ ನಾಲ್ಕು ದಿನ ಕುಕ್ಕರಗಾಲಲ್ಲಿ ಕೂತು ಎದ್ದು ಮಾಡಿದ್ದರೆ ತುಂಡುಗಳು ಮೇಲೊಂದು ಕೆಳಗೊಂದು ಸರಿದು, ಕಾಲನ್ನು ತಾನಾಗಿ ನೀಡಿ ಎತ್ತುವ ಶಕ್ತಿಯೇ ಹೋಗುತ್ತಿತ್ತು ಎಂದೂ ಹೇಳಿದರು. ನನ್ನ ಗಂಡ ಪಟವನ್ನು ಮಡಚದ ಹಾಗೆ ಟವೆಲಿನಲ್ಲಿ ಸುತ್ತಿಕೊಂಡ. ಆದರೆ ಮನೆಗೆ ತಂದು ಕಿಟಕಿಗೆ ಸಿಕ್ಕಿಸಲಿಲ್ಲ, ಪೆಟ್ಟಿಗೆಯಲ್ಲಿಟ್ಟ. ನೋಡಲು ಬಂದವರು ಎಕ್ಸ್‌ರೇ ಬೇಕೆಂದು ಹೇಗೆ ಗೊತ್ತಾಯಿತು ಎಂದು ಕೇಳುತ್ತಾರಲ್ಲ, ಅದಕ್ಕೆ.

ಹುಳು ಮಾರನೆಯ ದಿನ ಹಣ್ಣಾಯಿತು. ಸಿಮೆಂಟಿನ ಕಾಲು, ಆಸ್ಪತ್ರೆಯ ವಾಸನೆ. ನನ್ನನ್ನು ಹುಳದ ಮನೆಯ ಬಾಗಿಲಿಗೂ ಬಿಡಲಿಲ್ಲ. ಜಗಲಿಯ ಮೇಲೆ ಕೂತು ನೋಡುತ್ತಿದ್ದೆ. ಜಯಮ್ಮ ಬೆಳಗಿನಿಂದ ನಡು ನೆಟ್ಟಗೆ ಮಾಡದೆ ಹುಳು ಆರಿಸಿ ಚಂದ್ರಿಕೆಗೆ ಬಿಟ್ಟಳು. ಕೃಷ್ಣಪ್ಪ ಚಂದ್ರಿಕೆ ಹೊತ್ತು ತಂದು ಬಿಸಿಲಿಗೂ ನೆರಳಿಗೂ ನಡುವೆ ಒರಗಿಸುತ್ತಿದ್ದ. “ಸ್ವಲ್ಪ ಕೂತ್ಕೋಳೇ” ಎಂದು ಅವನು ಹೇಳಿದಾಗ “ನಂಗೇನಾಗದೆ, ನಾನೇನು ಮುದುಕಿನಾ?” ಎಂದು ಒಳಗಿನಿಂದ ಕೇಳಿಸಿತು. ನಾನು ಕೆಮ್ಮಿದೆ. ‘ಧನ್ಯವಾದ’ ಎಂಬ ಪದ ನನಗೆ ಬರೆಯಲು ಬರುತ್ತದೆ, ಬಾಯಲ್ಲಿ ಆಡಲು ಇಂದಿಗೂ ಬರುವುದಿಲ್ಲ. ಅವಳೂ ಆ ವಿಷಯ ಎತ್ತಲಿಲ್ಲ. ಗೂಡು ಚೆನ್ನಾಗಿ ಬಂತು.

ಕಟ್ಟು ಬಿಚ್ಚಿಸಲು ಕೋಲಾರಕ್ಕೆ ಹೋದಾಗ ಜಯಮ್ಮನೇ ಜೊತೆಗೆ ಬಂದಳು. ಕಾಲು ಒಣಗಿದ ನುಗ್ಗೆಕಾಯಿಯ ಹಾಗೆ ಹೊರಗೆ ಬಂತು. ಮಡಚಿ ನೋಡಿದರು, ಮಡಚಿತು. ನಡೆ ಎಂದರು, ನಡೆದೆ. ಚಿಪ್ಪು ಒತ್ತಿ ನೋವಿದೆಯಾ ಎಂದು ಕೇಳಿದಾಗ, “ಸ್ವಲ್ಪ ಇದೆ” ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಕ್ಕದಲ್ಲಿ ಜಯಮ್ಮ ನಿಂತಿದ್ದಳಲ್ಲ.

ಬಸ್ಸಿನಲ್ಲಿ ಊರಿಗೆ ವಾಪಸ್ಸು ಬರುವಾಗ ನಮ್ಮ ಎದುರಿಗೆ ಒಬ್ಬ ಮಾತುಗಾತಿ ಹೆಂಗಸು ಸಿಕ್ಕಳು, ನಮ್ಮೂರಿನ ಪಕ್ಕದ ಊರಿನವಳು. ನನ್ನ ಕಾಲಿನ ಕಥೆಯನ್ನೆಲ್ಲ ಕೇಳಿ ಮುಗಿಸಿ, ಒಂದು ಸಲ ಮಂಡಿಯನ್ನು ಒತ್ತಿಯೂ ನೋಡಿ, “ನೀವಿಬ್ರೂ ಓರಗಿತ್ತೀರಾ? ಇಬ್ರೂ ಒಂದೇ ವಾರಿಗೆ ಇದ್ದಂಗೆ ಕಾಣ್ತೀರಲ್ಲಮ್ಮ” ಎಂದಳು.

ಜಯಮ್ಮ ಕಿಟಕಿಯ ಆಚೆ ನೋಡತೊಡಗಿದಳು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ. ಅವಳ ಕೈ ಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

“ಒಂದೇ ವಾರಿಗೆ ಎಲ್ಲಮ್ಮ” ಎಂದೆ ನಾನು, ಬಸ್ಸಿನ ಮುಂದಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ಅವಳು ತುಂಬಾ ಚಿಕ್ಕವಳು. ನನ್ನ ಮದುವೇಲಿ ತೊಟ್ಟಿಲಲ್ಲಿದ್ಲು. ನಾನೇ ತೂಗಿದ್ದೆ.”

ಮದುಮಗಳು ಧಾರೆಯ ಹೊತ್ತಿನಲ್ಲಿ ಮಾಲೂರಿನ ತೊಟ್ಟಿಲು ಹೇಗೆ ತೂಗಿದಳು ಎಂದು ಆ ಹೆಂಗಸು ಕೇಳಲಿಲ್ಲ. ಆದರೆ ಇದು ಸ್ವಲ್ಪ ಹೆಚ್ಚಾಯಿತು ಎಂದು ಜಯಮ್ಮನೇ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಜೋರಾಗಿಯೇ ತಿವಿದಳು.